ಕಿವಿಯ ಮೊರೆತವೂ ಮನಸ್ಸಿನ ಕಾವಲೂ

(ಖರಾಡಿಯ ನಮ್ಮ ಕನ್ನಡ ಸಂಘದ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ, ವಾಚನಾಲಯದ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವ ಅಭ್ಯಾಸ ನನಗಿಲ್ಲ. ಮ್ಯಾಟ್ರಿಕ್‌ವರೆಗೆ ಓದಿ, ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ ನಾನು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕಗಳನ್ನು ಕೊಟ್ಟು ತೆಗೆದುಕೊಳ್ಳುವುದು, ಒಂಬತ್ತು ಗಂಟೆಗೆ ಬೀಗ ಹಾಕುವುದು. ಇಷ್ಟೇ ನನ್ನ ಸೇವೆ. ಹೀಗಿದ್ದೂ ಇಂದು ನಿಮ್ಮ ಮುಂದೆ ನಿಲ್ಲಬೇಕಾಗಿ ಬಂದುದಕ್ಕೆ ಈ ಕೋಣೆಯ ಪಂಖಾವೇ ಕಾರಣ.

ಕಳೆದ ಚಳಿಗಾಲದ ಒಂದು ಸಂಜೆ ನಮ್ಮ ಹಿರಿಯ ಓದುಗರೊಬ್ಬರು ಶಾಲು ಹೊದ್ದು ಕುಳಿತಿದ್ದವರು, ತಲೆಯ ಮೇಲೆ ತಿರುಗುತ್ತಿದ್ದ ಪಂಖಾ ನೋಡಿ, “ತಮ್ಮಾ, ಇಂಥಾ ಥಂಡ್ಯಾಗ ಪಂಖಾ ಯಾಕ ಹಚ್ಚೀದಿ?” ಎಂದು ಕೇಳಿದರು. ಕರೆಂಟಿನ ಬಿಲ್ಲು ಸಂಘದ್ದು, ಥಂಡಿ ಅವರದು. ಕೇಳುವ ಹಕ್ಕು ಅವರಿಗೆ ಇದ್ದೇ ಇತ್ತು. ಏನೋ ಒಂದು ನೆವ ಹೇಳಿ ಜಾರಿಕೊಳ್ಳಬಹುದಾಗಿತ್ತು; ಎರಡು ವರ್ಷ ಹಾಗೆಯೇ ಮಾಡಿಕೊಂಡು ಬಂದಿದ್ದೆ. ಅಂದು ಮಾತ್ರ ನಿಜ ಹೇಳಿಬಿಟ್ಟೆ: “ಕಾಕಾ, ನನ್ನ ಕಿವ್ಯಾಗ ಹಗಲೂ ರಾತ್ರಿ ಗುಂಯ್ ಅಂತ ಸಪ್ಪಳ ಬರ್ತದ. ಸುತ್ತಮುತ್ತ ಪೂರ್ತಿ ಶಾಂತ ಆದರ ಅದೇ ದೊಡ್ಡದಾಗಿ ಕೇಳ್ತದ. ಪಂಖಾ ತಿರುಗತಿದ್ದರ ಸ್ವಲ್ಪ ಹಗುರ.” ಅವರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟು, “ನನಗೂ ಹಂಗ ಆಗ್ತದಲ್ಲೋ ತಮ್ಮಾ! ಐದು ವರ್ಷ ಆತು. ಯಾರ ಮುಂದೂ ಹೇಳಿಲ್ಲ” ಎಂದರು.

ಆ ಮಾತು ಮೇಜಿನಿಂದ ಮೇಜಿಗೆ ಹೋಗಿ, ಒಂದು ವಾರದೊಳಗೆ ಇನ್ನಿಬ್ಬರು ನನ್ನ ಬಳಿ ಬಂದು ತಮಗೂ ಹಾಗೆಯೇ ಆಗುತ್ತದೆಂದು ಮೆಲ್ಲಗೆ ಹೇಳಿದರು. ಈ ಸಣ್ಣ ವಾಚನಾಲಯದಲ್ಲಿಯೇ ನಾವು ನಾಲ್ವರು. ಒಬ್ಬರಿಗೊಬ್ಬರು ತಿಳಿಯದೆ ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಿದ್ದೆವು! ಇದನ್ನು ಕೇಳಿದ ನಮ್ಮ ಕಾರ್ಯದರ್ಶಿಗಳು, ಈ ವಿಷಯವನ್ನು ಎಲ್ಲರ ಮುಂದೆ ಹೇಳೆಂದು ಒತ್ತಾಯಿಸಿದರು. ನಾನು ವೈದ್ಯನಲ್ಲ. ನಾನು ಅನುಭವಿಸಿದ್ದನ್ನೂ, ಬಲ್ಲವರಿಂದ ಕೇಳಿ, ಓದಿ ತಿಳಿದದ್ದನ್ನೂ ಹೇಳುತ್ತೇನೆ. ತಪ್ಪಿದ್ದರೆ ತಾವು ತಿದ್ದಬೇಕು.

ಈ ಬೇನೆಗೆ ಇಂಗ್ಲಿಷಿನಲ್ಲಿ ಟಿನ್ನಿಟಸ್ ಎಂದು ಹೆಸರು. ಕನ್ನಡದಲ್ಲಿ ಕಿವಿಮೊರೆತ ಎನ್ನಬಹುದು. ಹೊರಗೆ ಯಾವ ಶಬ್ದವೂ ಇಲ್ಲದಿರುವಾಗ ಕಿವಿಯಲ್ಲಾಗಲಿ ತಲೆಯಲ್ಲಾಗಲಿ ಶಬ್ದ ಕೇಳುವುದೇ ಇದರ ಲಕ್ಷಣ. ಕೆಲವರಿಗೆ ಜೀರುಂಡೆ ಕೂಗಿದಂತೆ, ಕೆಲವರಿಗೆ ಕುಕ್ಕರಿನ ಹಬೆ ಹೊರಟಂತೆ, ಕೆಲವರಿಗೆ ದೂರದ ಮೋಟಾರು ಓಡಿದಂತೆ ಕೇಳುತ್ತದೆ. ಇದು ಇಂದಿನ ರೋಗವೇನೂ ಅಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಕಿವಿಯ ರೋಗಗಳು ೨೮ ಎಂದು ಎಣಿಸಿದ್ದಾರೆ. ಕಿವಿಯೊಳಗೆ ನಾನಾ ಶಬ್ದಗಳು ಕೇಳುವ ಬೇನೆಯೂ ಅವುಗಳಲ್ಲಿ ಒಂದು. ಅದನ್ನೇ ನಮ್ಮ ವೈದ್ಯರು ಕರ್ಣನಾದ ಎಂದು ಕರೆಯುತ್ತ ಬಂದಿದ್ದಾರೆ. ಲೋಕದ ಹಲವು ದೇಶಗಳ ಲೆಕ್ಕಗಳನ್ನು ಕೂಡಿಸಿ ೨೦೨೨ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು ೧೪ ಜನರಿಗೆ ಕಿವಿಮೊರೆತದ ಅನುಭವವಿದೆ; ಅದು ತೀವ್ರವಾಗಿ ಬಾಧಿಸುವುದು ನೂರಕ್ಕೆ ಸುಮಾರು ೨ ಜನರನ್ನು.

ಈ ಎರಡು ಅಂಕಿಗಳನ್ನು ದಯಮಾಡಿ ನೆನಪಿನಲ್ಲಿಡಿ. ಕೇಳುವವರು ೧೪, ನರಳುವವರು ೨. ಹಾಗಾದರೆ ಉಳಿದ ಹನ್ನೆರಡು ಜನರ ಕಥೆ ಏನು? ನನ್ನ ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ನನ್ನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಹಾಜರಿ ಬರೆಯುವ ನನ್ನ ಮೇಜು ಯಂತ್ರಗಳ ಗೋಡೆಗೆ ತಾಗಿಕೊಂಡಿತ್ತು. ಹನ್ನೊಂದು ವರ್ಷ ಅಲ್ಲಿ ಕುಳಿತೆ. ಯಂತ್ರದ ಸದ್ದಿನಿಂದ ಕೆಡುಕಾಗಬಹುದೆಂದು ನನಗೆ ತೋಚಲೇ ಇಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ನೋಡಿ ನಕ್ಕವನು ನಾನು. ಒಂದು ರಾತ್ರಿ ಮಲಗುವಾಗ ಬಲಗಿವಿಯಲ್ಲಿಯೂ ಎಡಗಿವಿಯಲ್ಲಿಯೂ ಸಣ್ಣಗೆ ಶಿಳ್ಳೆ ಕೇಳಿಸಿತು. ನೆರೆಮನೆಯ ಟೀವಿ ಇರಬೇಕೆಂದು ಎದ್ದು ಕಿಟಕಿ ಹಾಕಿದೆ. ನಿಲ್ಲಲಿಲ್ಲ. ನಲ್ಲಿ ನೋಡಿದೆ, ಮೀಟರಿನ ಡಬ್ಬಿಗೆ ಕಿವಿಗೊಟ್ಟೆ. ಕೊನೆಗೆ ಎರಡೂ ಕಿವಿ ಮುಚ್ಚಿಕೊಂಡಾಗ ಶಬ್ದ ಇನ್ನೂ ಹೆಚ್ಚಾಯಿತು. ಅದು ನನ್ನೊಳಗೇ ಇದೆಯೆಂದು ತಿಳಿದ ಆ ಗಳಿಗೆ ಬೆವರಿಬಿಟ್ಟೆ.

ವೈದ್ಯರಿಗೆ ತೋರಿಸಿದೆ. ಶ್ರವಣ ಪರೀಕ್ಷೆಯಾಯಿತು. ೪೦೦೦ ಹರ್ಟ್ಸ್‌ನ ಸುತ್ತಮುತ್ತಲ ಹೆಚ್ಚಿನ ಸ್ವರಗಳಲ್ಲಿ ನನ್ನ ಕೇಳ್ಮೆ ಕುಗ್ಗಿದೆ. ಬಹುಕಾಲ ದೊಡ್ಡ ಸದ್ದಿನಲ್ಲಿ ಕೆಲಸ ಮಾಡಿದವರಲ್ಲಿ ಹೀಗೆಯೇ ಕಾಣುತ್ತದೆ ಎಂದರು. ಗುಣಪಡಿಸುವ ಔಷಧವಿಲ್ಲ, ಹೊಂದಿಕೊಂಡು ಹೋಗಬೇಕು ಎಂದರು. ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಅವರ ಮಾತು ಸುಳ್ಳಲ್ಲವೆಂದು ಈಗ ಗೊತ್ತು. ಆದರೆ ಹೇಗೆ ಹೊಂದಿಕೊಳ್ಳಬೇಕು ಎಂಬುದನ್ನು ಅಂದು ಯಾರೂ ಹೇಳಲಿಲ್ಲ.

ಆಮೇಲಿನ ಏಳೆಂಟು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಕಿವಿಗೊಟ್ಟು ಪರೀಕ್ಷೆ: ಇದೆಯೋ, ಹೋಗಿದೆಯೋ? ಇದೆ. ನಿನ್ನೆಗಿಂತ ಹೆಚ್ಚೋ ಕಡಿಮೆಯೋ? ಹೆಚ್ಚಿರಬೇಕು. ನಾಳೆ ಇನ್ನೂ ಹೆಚ್ಚಿದರೆ? ಪೂರ್ತಿ ಕಿವುಡನಾದರೆ? ಕೆಲಸ ಹೋದರೆ? ಊಟ ರುಚಿಸದು, ನಿದ್ರೆ ಬಾರದು. ಈ ವಾಚನಾಲಯವಂತೂ ನನಗೆ ಶಿಕ್ಷೆಯ ಕೋಣೆಯಾಯಿತು. ‘ದಯವಿಟ್ಟು ನಿಶ್ಶಬ್ದವಾಗಿರಿ’ ಎಂದು ನಾನೇ ಬರೆದು ಅಂಟಿಸಿದ ಹಲಗೆಯ ಕೆಳಗೆ ಕುಳಿತು, ಆ ನಿಶ್ಶಬ್ದದಲ್ಲಿ ನನ್ನ ತಲೆಯೊಳಗಿನ ಶಿಳ್ಳೆಯನ್ನೇ ಕೇಳುತ್ತಿದ್ದೆ. ಸೇವೆಯಿಂದ ಬಿಡುಗಡೆ ಬೇಡಿ ಸಂಘಕ್ಕೆ ಪತ್ರವನ್ನೂ ಬರೆದಿಟ್ಟುಕೊಂಡಿದ್ದೆ.

ಇನ್ನೊಂದು ಮಾತು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ಮಗಳು ಶಾಲೆಯಲ್ಲಿ ಮರಾಠಿ, ಇಂಗ್ಲಿಷು ಕಲಿಯುತ್ತಾಳೆ. ಕನ್ನಡವನ್ನು ರಾತ್ರಿ ಊಟವಾದ ಮೇಲೆ ನಾನೇ ಹೇಳಿಕೊಡುತ್ತಿದ್ದೆ. ಅವಳು ಬೆರಳಿಟ್ಟು ಗಟ್ಟಿಯಾಗಿ ಒಂದೊಂದೇ ಅಕ್ಷರ ಓದಬೇಕು. ಒಂದು ರಾತ್ರಿ ಆ ಸ್ವರ ಕಿವಿಗೆ ಚುಚ್ಚಿದಂತಾಗಿ, “ಸುಮ್ಮನಿರು!” ಎಂದು ಗದರಿಸಿಬಿಟ್ಟೆ. ಮಗು ಪುಸ್ತಕ ಮುಚ್ಚಿ ಒಳಗೆ ಹೋಯಿತು. ಮರುದಿನ ಪುಸ್ತಕ ತರಲಿಲ್ಲ, ನಾನೂ ಕರೆಯಲಿಲ್ಲ. ಹೀಗೆ ಮೂರು ತಿಂಗಳು ನಮ್ಮ ಮನೆಯಲ್ಲಿ ಕನ್ನಡದ ಪಾಠ ನಿಂತುಹೋಯಿತು. ಶಿಳ್ಳೆ ಇದ್ದದ್ದು ನನ್ನ ಕಿವಿಯಲ್ಲಿ. ಬಾಯಿ ಮುಚ್ಚಿಸಿದ್ದು ಮಗುವಿನದು!

ಈ ಬೇನೆಯನ್ನು ಬಚ್ಚಿಡುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಜರ್ಮನಿಯ ಸಂಗೀತಗಾರ ಬೀಥೋವನ್ ೧೮೦೧ರಲ್ಲಿ ತನ್ನ ವೈದ್ಯ ಮಿತ್ರ ವೇಗೆಲರ್‌ಗೆ ಬರೆದ ಪತ್ರದಲ್ಲಿ, ಕಿವಿಗಳು ಹಗಲಿರುಳೂ ಮೊರೆಯುತ್ತಿವೆ ಎಂದೂ, ತನಗೆ ಕಿವಿ ಕೇಳಿಸದೆಂದು ಜನರಿಗೆ ಹೇಳಲಾಗದೆ ಸುಮಾರು ಎರಡು ವರ್ಷದಿಂದ ಕೂಟಗಳನ್ನು ತಪ್ಪಿಸಿಕೊಳ್ಳುತ್ತಿದ್ದೇನೆಂದೂ ತಿಳಿಸಿದ್ದಾನೆ. ಆಗ ಅವನಿಗೆ ಮೂವತ್ತು ವರ್ಷ. ಅಷ್ಟು ದೊಡ್ಡವನೂ ಹೀಗೆ ಬಚ್ಚಿಟ್ಟಿದ್ದನಲ್ಲಾ ಎಂದು ಓದಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು.

ನನಗೆ ದಾರಿ ತೋರಿಸಿದವರು, ಎರಡನೆಯ ಸಲ ಶ್ರವಣ ಪರೀಕ್ಷೆಗೆ ಹೋದಾಗ ಸಿಕ್ಕ ಒಬ್ಬ ಶ್ರವಣತಜ್ಞೆ. ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಕಿವಿಯದಲ್ಲ. “ನೀವು ಖರಾಡಿಯವರು. ನಿಮ್ಮ ಮನೆಯ ಮೇಲೆ ವಿಮಾನ ಹೋಗುವುದಿಲ್ಲವೇ?” ಎಂದರು. ಹೋಗದೆ ಏನು! ಲೋಹಗಾಂವ್ ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲೇ. ಅದು ವಾಯುಸೇನೆಯ ನೆಲೆಯೂ ಹೌದು. ೨೦೦೨ರಲ್ಲಿ ಸುಖೋಯ್-೩೦ ಎಂಕೆಐ ಯುದ್ಧವಿಮಾನಗಳು ಮೊದಲು ಸೇನೆಗೆ ಸೇರಿದ್ದೂ ಅಲ್ಲಿಯೇ. ಊರಿಂದ ಬಂದ ನೆಂಟರು ಆ ಗುಡುಗಿಗೆ ಬೆಚ್ಚಿ ತಟ್ಟೆ ಬಿಟ್ಟು ಏಳುತ್ತಾರೆ. ನಾವು? ಮಾತು ನಿಲ್ಲಿಸಿ, ವಿಮಾನ ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತೇವೆ. ತೊಟ್ಟಿಲ ಮಕ್ಕಳು ನಿದ್ರೆಯಿಂದ ಏಳುವುದಿಲ್ಲ.

“ನಿಮ್ಮ ನೆಂಟರ ಕಿವಿಗೂ ನಿಮ್ಮ ಕಿವಿಗೂ ಬೀಳುವ ಸದ್ದು ಒಂದೇ. ನಿಮ್ಮ ಮನಸ್ಸು ಅದನ್ನು ‘ಅಪಾಯವಿಲ್ಲ’ ಎಂದು ತೀರ್ಮಾನಿಸಿ ಕಡತ ಮುಚ್ಚಿದೆ. ನೆಂಟರ ಮನಸ್ಸು ಇನ್ನೂ ಮುಚ್ಚಿಲ್ಲ. ನಿಮ್ಮ ಕಿವಿಯ ಮೊರೆತದ ಕಡತವನ್ನು ನೀವು ದಿನಾಲೂ ತೆರೆಯುತ್ತಿದ್ದೀರಿ” ಎಂದು ಆ ತಾಯಿ ವಿವರಿಸಿದರು. ಗುಮಾಸ್ತನಿಗೆ ಕಡತದ ಭಾಷೆ ಅರ್ಥವಾಗದೆ ಇದ್ದೀತೆ!

ಆಮೇಲೆ ಓದುತ್ತ ಹೋದಂತೆ ಅವರ ಮಾತಿಗೆ ಆಧಾರವಿದೆಯೆಂದು ತಿಳಿಯಿತು. ೧೯೫೩ರಲ್ಲಿ ಅಮೇರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿ ಚೆನ್ನಾಗಿದ್ದ ೮೦ ಜನರನ್ನು ಹೊರಗಿನ ಸದ್ದು ಸುಳಿಯದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಏನು ಕೇಳಿಸಿತೆಂದು ವಿಚಾರಿಸಿದರು. ನೂರಕ್ಕೆ ೯೪ರಂತೆ ಅವರು ಯಾವುದೋ ಗುಂಯ್‌ಗುಡುವ, ಮೊರೆಯುವ ಶಬ್ದ ಕೇಳಿತೆಂದು ಹೇಳಿದರು. ಅಂದರೆ ಪೂರ್ಣ ನಿಶ್ಶಬ್ದದಲ್ಲಿ ಗಮನವಿಟ್ಟು ಕೂತರೆ ಬಹುಮಟ್ಟಿಗೆ ಎಲ್ಲರಿಗೂ ಏನಾದರೊಂದು ಕೇಳುತ್ತದೆ!

ಹಾಗಾದರೆ ಇದೆಲ್ಲ ಬರಿಯ ಕಲ್ಪನೆಯೋ? ಅಲ್ಲ. ಇಲ್ಲಿ ತಾವು ನನ್ನ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು. ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ಅಂಗವಿದೆ. ಅದರಲ್ಲಿ ಶಬ್ದವನ್ನು ನರಕ್ಕೆ ಒಪ್ಪಿಸುವ ಸೂಕ್ಷ್ಮ ರೋಮಕೋಶಗಳಿವೆ. ದೊಡ್ಡ ಸದ್ದಿನಿಂದಾಗಲಿ ವಯಸ್ಸಿನಿಂದಾಗಲಿ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಶಗಳಿಂದ ಬರುವ ಸುದ್ದಿ ಕಡಿಮೆಯಾದಾಗ, ಕೇಳುವ ಮಿದುಳು ಸಣ್ಣ ಧ್ವನಿಯ ರೇಡಿಯೋವಿನ ಗುಂಡಿ ತಿರುವಿದಂತೆ ತನ್ನ ಹಿಗ್ಗಿಸುವ ಶಕ್ತಿಯನ್ನು ಏರಿಸುತ್ತದೆ. ಗುಂಡಿ ಏರಿಸಿದರೆ ನಿಲಯ ಸಿಗದಾಗ ಬರುವ ಗರಗರವೂ ಏರುವುದಷ್ಟೆ? ಕಿವಿಮೊರೆತ ಬಹುಮಂದಿಯಲ್ಲಿ ಹೀಗೆಯೇ ಹುಟ್ಟುತ್ತದೆಂದು ತಜ್ಞರ ಮತ. ಬೇರೆ ಕಾರಣಕ್ಕಾಗಿ ಶ್ರವಣದ ನರವನ್ನೇ ಕತ್ತರಿಸಬೇಕಾಗಿ ಬಂದವರಲ್ಲಿಯೂ ಹಲವರಿಗೆ ಮೊರೆತ ಉಳಿದುದುಂಟು. ಆದಕಾರಣ ಶಬ್ದ ನಿಜ; ಕೇಳುವವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಹುಚ್ಚೂ ಹಿಡಿದಿಲ್ಲ.

ಮನಸ್ಸಿನ ಪಾತ್ರ ಆಮೇಲೆ ಬರುತ್ತದೆ. ಪಾವೆಲ್ ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ ೧೯೯೦ರಲ್ಲಿ ಒಂದು ವಿವರಣೆ ಕೊಟ್ಟರು. ಮೊರೆತವು ಶ್ರವಣದ ದಾರಿಯಲ್ಲಿ ಹುಟ್ಟಿದರೂ, ಅದು ಬಾಧೆಯಾಗುವುದು ಭಯ, ಸಿಟ್ಟು ಮೊದಲಾದ ಭಾವಗಳ ಕೇಂದ್ರಗಳೂ, ಮೈಯನ್ನು ಎಚ್ಚರಿಸಿ ನಿಲ್ಲಿಸುವ ನರಗಳೂ ಅದರ ಜೊತೆ ಸೇರಿಕೊಂಡಾಗ ಎಂಬುದು ಅದರ ಸಾರ. ಇದಕ್ಕೆ ಹೊಂದುವ ಇನ್ನೊಂದು ಸಂಗತಿಯಿದೆ. ಯಂತ್ರದ ಶಬ್ದವನ್ನು ರೋಗಿಯ ಮೊರೆತಕ್ಕೆ ಸರಿಹೊಂದಿಸಿ ಅಳೆದು ನೋಡಿದರೆ, ಬಹುಮಂದಿಯ ಮೊರೆತ ಅವರು ಕೇಳಬಲ್ಲ ಅತಿ ಸಣ್ಣ ಶಬ್ದಕ್ಕಿಂತ ಕೆಲವೇ ಡೆಸಿಬೆಲ್ ಮೇಲಿರುತ್ತದೆ. ಅಳತೆಯಲ್ಲಿ ದೊಡ್ಡದಾಗಿ ಬಂದವರೇ ಹೆಚ್ಚು ನರಳುತ್ತಾರೆ ಎಂದೂ ಇಲ್ಲ. ಅಂತೂ ಆ ೧೪ಕ್ಕೂ ೨ಕ್ಕೂ ಇರುವ ಅಂತರವನ್ನು ಶಬ್ದದ ಗಾತ್ರವೊಂದೇ ಹೇಳಲಾರದು. ಮನಸ್ಸು ಅದಕ್ಕೆ ಕೊಟ್ಟ ಅರ್ಥವೂ ಅಲ್ಲಿ ಕೆಲಸ ಮಾಡುತ್ತದೆ.

ಈ ಚಕ್ರ ಹೇಗೆ ತಿರುಗುತ್ತದೆ ನೋಡಿ. ಶಬ್ದ ಕೇಳಿತು, ‘ಇದು ಕೇಡು’ ಎಂದು ಭಯವಾಯಿತು. ಭಯವಾದದ್ದರ ಮೇಲೆ ಮನಸ್ಸು ಕಾವಲು ಇಡುತ್ತದೆ. ಅದು ಅದರ ಧರ್ಮ. ಕಾವಲು ಇಟ್ಟದ್ದು ಹೆಚ್ಚು ಕೇಳುತ್ತದೆ. ಹೆಚ್ಚು ಕೇಳಿದರೆ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟ ಮನಸ್ಸಿಗೆ ಭಯ ಇನ್ನೂ ಹೆಚ್ಚು. ನನ್ನ ಏಳೆಂಟು ತಿಂಗಳೂ ಈ ಗಾಣದಲ್ಲೇ ತಿರುಗಿದವು.

‘ಹಾಗಾದರೆ ಆ ಕಡೆ ಗಮನ ಕೊಡಬೇಡ’ ಎಂದು ಹೇಳುವವರಿದ್ದಾರೆ. ಮಂಗನನ್ನು ನೆನೆಯದೆ ಔಷಧ ಕುಡಿ ಎಂದ ವೈದ್ಯನ ಕಥೆ ತಮಗೆಲ್ಲ ಗೊತ್ತು. ಬಟ್ಟಲು ಬಾಯಿಗೆ ಬರುವಷ್ಟರಲ್ಲಿ ಮಂಗ ಎದುರಿಗೇ ಬಂದು ಕೂರುತ್ತದೆ! ಗಮನವನ್ನು ಅಪ್ಪಣೆ ಮಾಡಿ ಓಡಿಸಲಾಗದು. ಮಂಗ ಇದ್ದರೆ ಇರಲಿ, ಅದು ಕಚ್ಚುವುದಿಲ್ಲವೆಂದು ತಿಳಿದು ಔಷಧ ಕುಡಿಯಬಹುದು. ಮನಸ್ಸಿಗೆ ಕಲಿಸಬೇಕಾದದ್ದು ಇಷ್ಟೇ. ಆದರೆ ಇಷ್ಟಕ್ಕೇ ತಿಂಗಳುಗಳು ಬೇಕು.

ಅರ್ಥ ಬದಲಾದರೆ ಶಬ್ದದ ಬಾಳೇ ಬದಲಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯ ನಾಲ್ಕನೆಯ ಉಪದೇಶದಲ್ಲಿ ನಾದಾನುಸಂಧಾನದ ವಿಚಾರ ಬರುತ್ತದೆ. ಯೋಗಿಯು ಕಿವಿಗಳನ್ನು ಮುಚ್ಚಿ ಒಳಗಿನ ಶಬ್ದವನ್ನು ಕೇಳುತ್ತಾನೆ. ಮೊದಲು ಕಡಲು, ಮೋಡ, ಭೇರಿಯಂತೆ, ಆಮೇಲೆ ಶಂಖ, ಗಂಟೆಯಂತೆ, ಕೊನೆಗೆ ಕೊಳಲು, ವೀಣೆ, ದುಂಬಿಯಂತೆ ಎಂದು ಅದು ವರ್ಣಿಸುತ್ತದೆ. ಯೋಗಿಯ ನಾದವೂ ನನ್ನ ಶಿಳ್ಳೆಯೂ ಒಂದೇ ಎಂದು ನಾನು ಹೇಳುವುದಿಲ್ಲ. ಆ ಅಧಿಕಾರ ನನಗಿಲ್ಲ. ಆದರೆ ಒಳಗಿನ ಶಬ್ದವೊಂದನ್ನು ವೈದ್ಯಶಾಸ್ತ್ರ ರೋಗದ ಪಟ್ಟಿಯಲ್ಲಿ ಬರೆದ ನಾಡಿನಲ್ಲಿಯೇ, ಇನ್ನೊಬ್ಬರು ಅಂಥ ಶಬ್ದಕ್ಕೆ ಬಾಗಿಲು ತೆರೆದು ಕೂತಿದ್ದರು ಎಂಬುದು ಯೋಚಿಸತಕ್ಕ ಮಾತು.

ಇನ್ನು ಚಿಕಿತ್ಸೆ. ಇಂದಿನವರೆಗೆ ಕಿವಿಮೊರೆತವನ್ನು ಅಳಿಸಿಹಾಕುವ ಮಾತ್ರೆ ಬಂದಿಲ್ಲ. ಆದರೆ ಅದರ ಬಾಧೆಯನ್ನು ತಗ್ಗಿಸುವ ದಾರಿಗಳಿವೆ. ಅವುಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ. ವೈದ್ಯರು ಅದನ್ನು ಸಿ.ಬಿ.ಟಿ. ಎನ್ನುತ್ತಾರೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ೪೯೨ ಜನರ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಬಗೆಯ ಚಿಕಿತ್ಸೆ ಪಡೆದವರ ಬಾಳು ಸಾಮಾನ್ಯ ಚಿಕಿತ್ಸೆ ಪಡೆದವರದಕ್ಕಿಂತ ಸುಧಾರಿಸಿತು. ೨೦೨೦ರಲ್ಲಿ ಕಾಕ್ರೇನ್ ಸಂಸ್ಥೆಯವರು ೨೮ ಅಧ್ಯಯನಗಳನ್ನು, ಒಟ್ಟು ೨೭೩೩ ಜನರ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿ, ಮೊರೆತದಿಂದ ಬಾಳಿಗಾಗುವ ತೊಂದರೆಯನ್ನು ಇದು ತಗ್ಗಿಸಬಲ್ಲದೆಂದು ಹೇಳಿದ್ದಾರೆ. ಶಬ್ದ ನಿಲ್ಲುತ್ತದೆಂದು ಹೇಳಿಲ್ಲ; ತೊಂದರೆ ತಗ್ಗುತ್ತದೆ ಎಂದಿದ್ದಾರೆ. ಈ ಭೇದವನ್ನು ಮರೆಯಬಾರದು.

ನಾನು ಮಾಡಿದ್ದೇನೆಂದು ಕೇಳುವಿರಾ? ಆ ಶ್ರವಣತಜ್ಞೆ ಒಬ್ಬ ಮನಃಶಾಸ್ತ್ರಜ್ಞರ ಬಳಿಗೆ ಕಳುಹಿಸಿದರು. ಅವರು ಒಂದು ವಹಿ ಇಡಲು ಹೇಳಿದರು. ಎಡಗಡೆ ಮನಸ್ಸು ಹೇಳಿದ ಮಾತು, ಬಲಗಡೆ ಅದಕ್ಕೆ ವಿಚಾರಮಾಡಿದ ಉತ್ತರ, ನಮ್ಮ ಜಮಾ-ಖರ್ಚಿನಂತೆಯೇ. ಎಡಗಡೆ, ‘ಇದು ಹೀಗೇ ಇದ್ದರೆ ನಾನು ಕೆಲಸ ಮಾಡಲಾರೆ.’ ಬಲಗಡೆ, ‘ಇಂದು ೨೧೪ ಜನರ ಹಾಜರಿ ಬರೆದೆ, ಒಂದೂ ತಪ್ಪಿಲ್ಲ.’ ಎಡಗಡೆ, ‘ಈ ರಾತ್ರಿ ನಿದ್ರೆ ಬರುವುದಿಲ್ಲ.’ ಬಲಗಡೆ, ‘ನಿನ್ನೆಯೂ ಹೀಗೇ ಅಂದುಕೊಂಡೆ, ಎರಡರ ಗಂಟೆ ಹೊಡೆದದ್ದು ನೆನಪಿಲ್ಲ.’ ಸುಳ್ಳು ಸಮಾಧಾನ ಬರೆಯಬಾರದು, ಲೆಕ್ಕಕ್ಕೆ ಸಿಗುವುದನ್ನೇ ಬರೆಯಬೇಕು ಎಂಬುದು ಅವರ ನಿಯಮ.

ಬೆಳಗಿನ ಪರೀಕ್ಷೆಯನ್ನು ಬಿಟ್ಟೆ. ಪೂರ್ಣ ನಿಶ್ಶಬ್ದದಲ್ಲಿ ಕೂರುವುದನ್ನು ಬಿಟ್ಟೆ. ಇಲ್ಲಿ ಪಂಖಾ, ಮನೆಯಲ್ಲಿ ರಾತ್ರಿ ಸಣ್ಣಗೆ ರೇಡಿಯೋ. ಮೊರೆತವನ್ನು ಮುಳುಗಿಸುವಷ್ಟು ದೊಡ್ಡದಾಗಿ ಅಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಶಬ್ದ ಇರುವಷ್ಟು. ರಜೆಯ ದಿನ ಮುಳಾ-ಮುಠಾ ದಂಡೆಯ ಕಡೆಗೆ ನಡೆದು ಬರುತ್ತೇನೆ. ನಿದ್ರೆಗೆ ಹೊತ್ತು ಗೊತ್ತು ಮಾಡಿದೆ. ಮೇಜನ್ನು ಯಂತ್ರದ ಗೋಡೆಯಿಂದ ಆಚೆಗೆ ಹಾಕಿಸಿಕೊಂಡೆ. ಇವೆಲ್ಲಕ್ಕೂ ಮೊದಲು, ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ನನ್ನ ಹೆಂಡತಿ ಕೇಳಿ, “ಇಷ್ಟು ದಿನ ನೀವು ನಮ್ಮ ಮ್ಯಾಲ ಸಿಟ್ಟಾಗೀರಿ ಅಂತ ತಿಳಕೊಂಡಿದ್ದೆ” ಎಂದಳು. ಆ ಒಂದು ಮಾತಿನಿಂದ ನನ್ನ ಎದೆಯ ಭಾರ ಇಳಿಯಿತು, ಅವಳದೂ ಇಳಿದಿರಬೇಕು.

ಅಂದು ರಾತ್ರಿ ಮಗಳನ್ನು ಕರೆದು, ಪುಸ್ತಕ ತರಲು ಹೇಳಿದೆ. “ಮೆಲ್ಲಕ ಓದಲೇನಪ್ಪಾ?” ಎಂದು ಕೇಳಿದಳು. ಗಟ್ಟಿಯಾಗಿ ಓದು ಎಂದೆ. ಅವಳು ಕಾಗುಣಿತ ಓದುತ್ತಿರುವಾಗ ಶಿಳ್ಳೆ ಎಲ್ಲಿ ಹೋಗಿತ್ತೋ ಕಾಣೆ. ಅದು ಇದ್ದಿರಬೇಕು, ನಾನು ಅಲ್ಲಿರಲಿಲ್ಲ.

ಈಗ ಕೆಲವು ಎಚ್ಚರಿಕೆಯ ಮಾತುಗಳು. ಮನಸ್ಸಿನ ಮಾತು ಹೇಳಿದೆನೆಂದು ವೈದ್ಯರನ್ನು ಬಿಡಬಾರದು. ಮೊದಲು ಕಿವಿ ತೋರಿಸಿ. ಕೆಲವೊಮ್ಮೆ ಗುಗ್ಗೆಯೇ ಕಾರಣವಾಗಿ, ಅದನ್ನು ತೆಗೆಸಿದರೆ ಮೊರೆತ ಹೋಗುತ್ತದೆ. ಒಂದೇ ಕಿವಿಯಲ್ಲಿ ಮೊರೆತ, ನಾಡಿಯ ಮಿಡಿತಕ್ಕೆ ಸರಿಯಾಗಿ ಬಡಿಯುವ ಶಬ್ದ, ತಲೆಸುತ್ತು, ಕಿವಿ ಸೋರುವುದು, ಮುಖ ಸೊಟ್ಟಗಾಗುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಒಂದೆರಡು ದಿನದೊಳಗೆ ಇದ್ದಕ್ಕಿದ್ದಂತೆ ಕಿವಿ ಮಂದವಾದರೆ ಅಂದೇ ಹೋಗಬೇಕು. ಅದಕ್ಕೆ ಬೇಗ ಕೊಟ್ಟ ಔಷಧವೇ ಫಲಕಾರಿ. ಕೆಲವು ಔಷಧಗಳಿಂದಲೂ ಮೊರೆತ ಬರಬಹುದು. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ, ಆದರೆ ತಾವಾಗಿಯೇ ನಿಲ್ಲಿಸಬೇಡಿ. ಕಿವಿ ಮಂದವಿದ್ದವರಿಗೆ ಶ್ರವಣಯಂತ್ರ ಹಾಕಿಸಿದರೆ ಮೊರೆತದ ಬಾಧೆಯೂ ಎಷ್ಟೋ ಸಲ ಕಡಿಮೆಯಾಗುತ್ತದೆ. ಕಾಸಿದ ಎಣ್ಣೆ, ಬೆಳ್ಳುಳ್ಳಿ ರಸ ಕಿವಿಗೆ ಹಾಕಬೇಡಿ. ಗಿಂಕೊ ಮಾತ್ರೆ, ಸತುವಿನ ಮಾತ್ರೆಗಳ ಜಾಹೀರಾತಿಗೆ ಹಣ ಸುರಿಯಬೇಡಿ; ಅವುಗಳನ್ನು ಇದಕ್ಕೆ ಕೊಡಬಾರದೆಂದು ಅಮೇರಿಕದ ಕಿವಿ ವೈದ್ಯರ ಸಂಘ ೨೦೧೪ರಲ್ಲಿಯೇ ಹೇಳಿದೆ.

ಪುಣೆಯಲ್ಲಿ ಸಸೂನ್‌ನಂಥ ಸರಕಾರಿ ಆಸ್ಪತ್ರೆಯಿದೆ. ಮುಂಬಯಿಯ ಬಾಂದ್ರಾದಲ್ಲಿ ೧೯೮೩ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಊರಿಗೆ ಹೋದಾಗ ತೋರಿಸಿಕೊಳ್ಳುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೦ರ ದಶಕದಿಂದ ನಡೆದುಬಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ; ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಮನಸ್ಸು ತೀರ ಕುಸಿದು, ಬಾಳುವುದೇ ಬೇಡವೆನಿಸಿದರೆ, ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಇದೆ. ೧೪೪೧೬ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೂ ಮಾತಾಡುವವರು ಸಿಗುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ತರುಣರಿಗೆ ಒಂದು ಮಾತು. ವಾರಕ್ಕೆ ೪೦ ಗಂಟೆ, ೮೦ ಡೆಸಿಬೆಲ್. ವಯಸ್ಕರ ಕಿವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇದು. ಮೂರು ಡೆಸಿಬೆಲ್ ಏರಿದರೆ ಗಂಟೆಗಳು ಅರ್ಧವಾಗಬೇಕು. ನಮ್ಮ ಪುಣೆಯ ಗಣಪತಿ ವಿಸರ್ಜನೆಯಲ್ಲಿ ಸಿ.ಒ.ಇ.ಪಿ.ಯ ವಿದ್ಯಾರ್ಥಿಗಳು ಲಕ್ಷ್ಮೀ ರಸ್ತೆಯ ಸದ್ದನ್ನು ಅಳೆಯುತ್ತ ಬಂದಿದ್ದಾರೆ. ಅದು ನೂರು ಡೆಸಿಬೆಲ್ ದಾಟಿದ ವರ್ಷಗಳುಂಟು. ಢೋಲು ಬಾರಿಸಿರಿ, ಮೆರವಣಿಗೆಗೆ ಹೋಗಿರಿ. ಕಿವಿಗೆ ಬಿರಡೆ ಇಟ್ಟುಕೊಂಡು ಹೋಗಿರಿ. ಗಿರಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ಇರುವ ನಮ್ಮ ಕಲಬುರಗಿ, ವಿಜಯಪುರದ ಕಡೆಯ ಬಂಧುಗಳಿಗೂ ಇದೇ ವಿನಂತಿ. ನಕ್ಕವರು ನಗಲಿ, ನಾನೂ ನಕ್ಕಿದ್ದೆ.

ಕೊನೆಯ ಮಾತು. ಮೊದಲು ನಾವು ನಾಲ್ವರು ಎಂದೆನಲ್ಲ. ಅವರಲ್ಲಿ ಒಬ್ಬರು ಈಚೆಗೆ ವಾಚನಾಲಯಕ್ಕೆ ಬರುತ್ತಿಲ್ಲ. ಧೈರ್ಯ ಮಾಡಿ ಮನೆಯಲ್ಲಿ ಹೇಳಿದಾಗ, “ಎಲ್ಲಾ ನಿನ್ನ ಮನಸ್ಸಿನ ಕಲ್ಪನೆ” ಎಂದು ನಕ್ಕರಂತೆ. ಅಂದಿನಿಂದ ಅವರು ಮಾತೇ ಕಡಿಮೆ ಮಾಡಿದ್ದಾರೆ. ಈ ಭಾಷಣ ನಮ್ಮ ಪತ್ರಿಕೆಯಲ್ಲಿ ಅಚ್ಚಾಗುತ್ತದೆಂದು ಸಂಪಾದಕರು ಹೇಳಿದ್ದಾರೆ. ಪತ್ರಿಕೆ ಅವರ ಮನೆಗೂ ಹೋಗುತ್ತದೆ. ಆ ಮನೆಯವರಿಗೆ, ಅಂಥ ಎಲ್ಲ ಮನೆಯವರಿಗೆ, ನನ್ನ ಕೈಮುಗಿದ ವಿನಂತಿ ಇಷ್ಟೇ. ‘ಮನಸ್ಸಿನದು’ ಎಂಬ ಮಾತನ್ನು ತಳ್ಳಿಹಾಕಲಿಕ್ಕೆ ಬಳಸಬೇಡಿ. ಶಬ್ದವನ್ನು ಅವರು ಕಲ್ಪಿಸಿಕೊಂಡಿಲ್ಲ. ಅದರ ಬಾಧೆಯನ್ನು ತಗ್ಗಿಸಲು ಅವರ ಮನಸ್ಸೇ ಬೇಕು. ಆ ಮನಸ್ಸಿಗೆ ಮನೆಯವರ ಮಾತು ಬೇಕು. “ಹೌದು, ನಿಮಗೆ ಕೇಳಿಸುತ್ತದೆ. ಬನ್ನಿ, ತೋರಿಸಿಕೊಂಡು ಬರೋಣ” ಎಂದರೆ ಸಾಕು. ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ. ಭಯ ಇಳಿದಷ್ಟೂ ಮನಸ್ಸಿನ ಕಾವಲು ಸಡಿಲುತ್ತದೆ.

ನನಗೆ ಪೂರ್ತಿ ಗುಣವಾಯಿತೆಂದು ತಾವು ತಿಳಿಯಬಾರದು. ಈ ಮಾತು ಆಡುತ್ತಿರುವಾಗಲೂ ಶಿಳ್ಳೆ ಇದೆ. ಅದರ ಹೆಸರು ಹೇಳಿದ್ದರಿಂದ ಈಗ ಸ್ವಲ್ಪ ಜೋರಾಗಿಯೇ ಕೇಳುತ್ತಿದೆ. ನಿದ್ರೆಗೆಟ್ಟ ದಿನ, ಮನೆಯಲ್ಲಿ ಚಿಂತೆಯಿರುವ ದಿನ ಮತ್ತೆ ಹೆದರಿಸುತ್ತದೆ. ಆದರೆ ನೆರೆಮನೆಯವನ ಜಗಳದಂತೆ ಅದು ಆಚೆ ನಡೆದಿರುತ್ತದೆ, ನಾನು ನನ್ನ ಕೆಲಸ ಮಾಡುತ್ತಿರುತ್ತೇನೆ. ಸಂಘಕ್ಕೆ ಬರೆದಿಟ್ಟಿದ್ದ ಪತ್ರವನ್ನು ಹರಿದುಹಾಕಿದ್ದೇನೆ.

ಪಂಖಾದ ವಿಷಯ ಕಾರ್ಯಕಾರಿ ಸಮಿತಿಯ ಮುಂದೆ ಬಂದಿತ್ತು. ಚಳಿಗಾಲದಲ್ಲಿ ಬಾಗಿಲ ಬಳಿಯ ಒಂದು ಪಂಖಾ ಮಾತ್ರ ನಿಧಾನವಾಗಿ ತಿರುಗಲಿ, ಥಂಡಿಯಾಗುವವರು ಒಳಗಿನ ಬೆಂಚಿನಲ್ಲಿ ಕೂರಲಿ ಎಂದು ತೀರ್ಮಾನವಾಗಿದೆ. ಸಮಿತಿಗೆ ನನ್ನ ವಂದನೆಗಳು. ಬಾಗಿಲ ಬಳಿಯ ಬೆಂಚಿನಲ್ಲಿ ಇನ್ನೂ ಜಾಗವಿದೆ. ಹೇಳಿಕೊಳ್ಳಬೇಕೆನಿಸಿದವರು ಅಲ್ಲಿ ಬಂದು ಕೂರಬಹುದು. ಕಾರಣ ಯಾರೂ ಕೇಳುವುದಿಲ್ಲ.